ಮುಚ್ಚಳ ಹಾಕಿದ ಸೂಜಿ

ಬೆಳಗಿನ ಐದೂಕಾಲು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಸ ಗುಡಿಸುವಾಕೆಯೊಬ್ಬಳು ಕುಕ್ಕರಗಾಲಲ್ಲಿ ಕೂತು, ನಶೆಗೆ ಚುಚ್ಚಿಕೊಂಡು ಬಿಸಾಡಿದ ಸೂಜಿಗಳನ್ನು ಇಕ್ಕಳದಿಂದ ಹೆಕ್ಕುತ್ತಿದ್ದಾಳೆ. ಓಣಿಗೆಲ್ಲ ಅವಳು ಇಕ್ಕಳದಕ್ಕ. ಚರಂಡಿಯಂಚಿನಲ್ಲಿ ನಾಲ್ಕು, ಶೌಚಾಲಯದ ಮೆಟ್ಟಿಲ ಕೆಳಗೆ ಏಳು. ಎದುರು ಗೋಡೆಯ ಪೋಸ್ಟರಿನಲ್ಲಿ ಅವಳ ತಮ್ಮ ಎದೆಯುಬ್ಬಿಸಿ ನಿಂತಿದ್ದಾನೆ: 'ನಶೆಮುಕ್ತ ಬೀದಿಯ ಕಾವಲುಗಾರ'. ಅದರ ಕಡೆ ತಾನು ತಲೆ ಎತ್ತುವುದೇ ಇಲ್ಲ ಎನ್ನುತ್ತಾಳೆ. ಎನ್ನುವಾಗಲೂ ಅತ್ತಲೇ ನೋಡುತ್ತಾಳೆ.

"ನಾನು ಹೆಕ್ತಾ ಇರೋದು ಹನ್ನೊಂದು ವರ್ಷದಿಂದ. ಅವನು ಪೀಪಿ ಊದ್ಕೊಂಡು ಗಸ್ತು ತಿರುಗೋಕೆ ಶುರು ಮಾಡಿ ಎರಡು ವರ್ಷ. ಚಪ್ಪಾಳೆ ಯಾರಿಗೆ? ಹೊಟ್ಟೆ ಉರಿಯಲ್ವಾ ಅಂದ್ರೆ, ಉರಿಯುತ್ತೆ."

ತಾಯಿ ಹೋದಾಗ ಅವನಿಗೆ ಆರು ವರ್ಷ. ಬೆನ್ನುಜ್ಜಿ, ತಲೆ ಬಾಚಿ ಶಾಲೆಗೆ ಕಳಿಸಿದವಳು ಇವಳೇ. ಗುತ್ತಿಗೆಯ ಕೆಲಸ, ಕೈಗವಸು ಹರಿದರೆ ತಾನೇ ತೇಪೆ ಹಾಕಿಕೊಳ್ಳಬೇಕು. ಅದಕ್ಕೇ ಒಂದು ಉಪಾಯ ಮಾಡಿ, ದೀಪದ ಕಂಬಕ್ಕೆ ದಪ್ಪ ಪ್ಲಾಸ್ಟಿಕ್ ಡಬ್ಬಿ ಕಟ್ಟಿದಳು. ಚುಚ್ಚಿಕೊಳ್ಳುವವರು ಮೊದಲು ನಕ್ಕರು, ಆಮೇಲೆ ಸೂಜಿಗೆ ಮುಚ್ಚಳ ಹಾಕಿ ಅದರೊಳಗೆ ಬಿಡತೊಡಗಿದರು, ದಿನಕ್ಕೆ ಮೂವತ್ತು, ನಲವತ್ತು. ಯಾರು ಯಾವ ಮನೆಯವರೆಂದು ಅವಳಿಗೆ ಗೊತ್ತಿತ್ತು. ಬಾಯಿ ಬಿಟ್ಟವಳಲ್ಲ.

ತಮ್ಮನ ಪಡೆ ಮೊದಮೊದಲು ಮಾರುವವರನ್ನು ಹಿಡಿದು ಠಾಣೆಗೆ ಒಪ್ಪಿಸುತ್ತಿತ್ತು. ಆಮೇಲೆ ಕೈಗೆ ದೊಣ್ಣೆ ಬಂತು. ಈಗ ಕಪ್ಪಂಗಿ, ಪಡೆಗೆ ನಿಷ್ಠೆಯ ಪ್ರತಿಜ್ಞೆ, ನಶೆ ಮಾಡುವವರ ಪಟ್ಟಿ. ಕಳೆ ಕಿತ್ತರೆ ಸಾಲದು, ಸುಡಬೇಕು ಎಂದು ಅವನು ಭಾಷಣ ಮಾಡುತ್ತಾನೆ. ಪ್ರತಿಜ್ಞೆಗೆ ಒಪ್ಪದವರೂ ಪಟ್ಟಿಗೆ ಸೇರುತ್ತಿದ್ದಾರೆ.

ಎರಡು ತಿಂಗಳ ಹಿಂದೆ, ಹೊಸ ಪದಕ ಸಿಕ್ಕಿಸಿಕೊಂಡು ಅಕ್ಕನ ಮನೆಗೆ ಊಟಕ್ಕೆ ಬಂದವನು, ಈ ಓಣಿಯ ಮೂಲೆಮೂಲೆಯೂ ತನಗೆ ಗೊತ್ತು ಎಂದ. ಅವಳಿಗೆ ಮೈ ಉರಿದುಹೋಯಿತು. "ನಿನಗೇನೋ ಗೊತ್ತು ಮಣ್ಣು? ಬಡಗಿ ಮಗಳು ಚುಚ್ಚಿಕೊಳ್ಳೋದು ಗೊತ್ತಾ?" ಎಂದುಬಿಟ್ಟಳು.

ಮರುದಿನ ಬಡಗಿಯ ಬಾಗಿಲಿಗೆ ಪಡೆಯವರು ಕರಿ ಬಣ್ಣ ಬಳಿದಿದ್ದರು. ಮಗಳಿಗೆ ಅಡ್ಡ ನಿಂತ ಬಡಗಿಯ ಬಲಗೈ ಮುರಿದಿತ್ತು.

ಅಂದಿನಿಂದ ಡಬ್ಬಿ ಖಾಲಿ. ಸೂಜಿಗಳೆಲ್ಲ ಮತ್ತೆ ಚರಂಡಿಗೆ. ಅವಳ ಕೈಗೆ ಎರಡು ಸಲ ಚುಚ್ಚಿ, ರಕ್ತ ಪರೀಕ್ಷೆಯೂ ಆಗಿದೆ. ಅವಳು ಬಡಗಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡಳು. ಅಲ್ಲಿಂದ ನೇರ ಠಾಣೆಗೆ ಹೋಗಿ, ತಮ್ಮನ ಹೆಸರು ಬರೆಸಿದಳು. ಈಗ ಅವನು ಮಾತು ಬಿಟ್ಟಿದ್ದಾನೆ. ಹೊಟ್ಟೆಕಿಚ್ಚಿಗೆ ಒಡಹುಟ್ಟಿದವನನ್ನೇ ಹಿಡಿದುಕೊಟ್ಟಳು ಎಂದು ಓಣಿ ಆಡಿಕೊಳ್ಳುತ್ತದೆ.

"ಹೊಟ್ಟೆಕಿಚ್ಚಿಗೆ ಮಾಡಿದ್ದು ಮೊದಲನೇದು, ಬಾಯಿ ಬಿಟ್ಟಿದ್ದು," ಎನ್ನುತ್ತಾಳೆ. "ಠಾಣೆಗೆ ಹೋಗಿದ್ದಲ್ಲ."

ಬೆಳಕು ಹರಿಯುತ್ತಿದೆ. ಕಂಬದ ಡಬ್ಬಿಯನ್ನು ಅಲುಗಾಡಿಸಿದರೆ ಒಳಗೆ ಏನೋ ಕಟಕಟ ಎನ್ನುತ್ತದೆ. ಬಗ್ಗಿ ನೋಡುತ್ತಾಳೆ: ಒಂದೇ ಒಂದು ಸೂಜಿ, ಮುಚ್ಚಳ ಹಾಕಿದ್ದು.

"ಚಪ್ಪಾಳೆ ಅವನಿಗೇ ಇರಲಿ ಅನ್ನೋಷ್ಟು ದೊಡ್ಡ ಮನಸ್ಸು ನನಗಿಲ್ಲ," ಎನ್ನುತ್ತಾ ಡಬ್ಬಿಯನ್ನು ಮತ್ತೆ ಬಿಗಿದು ಕಟ್ಟುತ್ತಾಳೆ. "ನಾಳೆ ಇದರಲ್ಲಿ ಎರಡಿದ್ರೆ ಸಾಕು."