ಬಾಬಣ್ಣನ ಬಿಳಿ ಬಟ್ಟೆ

ಹೊಂಬಳದ ಹೊಳೆಯಪ್ಪನವರ ಅಂಗಳದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ನಿನ್ನೆ ಸಂಜೆಯೇ ಬೆಟಗೇರಿಯಿಂದ ಬಂದು ಕಟ್ಟೆಯ ಮೇಲೆ ಮಲಗಿದ್ದ ಬಾಬಣ್ಣ, ಹಳೆಯ ಟ್ರ್ಯಾಕ್ಟರಿನ ಹಿಂದಿನ ಗಾಲಿ ಕಳಚಿ ಗೋಡೆಗೆ ಒರಗಿಸಿದ್ದಾರೆ. ರಬ್ಬರಿನ ಉಂಗುರವೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಯಾರೋ ಬೈದು ಹೋದಂತಿದೆ ಅವರ ಮುಖ.

"ಇದಕ್ಕೇನೂ ಆಗಿಲ್ರಿ. ತುಟಿ ಹರಿದಿಲ್ಲ, ಸವದಿಲ್ಲ. ಮತ್ಯಾಕ ಸೋರಬೇಕಿದು?"

ಅದು ಆಯಿಲ್ ಸೀಲ್. ಆಕ್ಸಲ್ಲಿನ ಒಳಗಿನ ಎಣ್ಣೆ ಹೊರಗೆ ಬರದಂತೆ ತಡೆಯುವುದಷ್ಟೇ ಅದರ ಕೆಲಸ. ತಡೆಯದಿದ್ದರೆ ಎಣ್ಣೆ ನೇರ ಬ್ರೇಕಿನ ಮೇಲೆ ಇಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಬಾಬಣ್ಣ ಈ ಗಾಡಿಗೆ ಎರಡು ಸಲ ಹೊಸ ಸೀಲ್ ಹಾಕಿದ್ದಾರೆ. ಎರಡೂ ಸಲ ನಿಂತ ಗಾಡಿ ಸುಮ್ಮನಿತ್ತು, ದುಡಿಮೆಗೆ ಹೋದೊಡನೆ ಎಣ್ಣೆ ಇಳಿಸಿತು. ಮತ್ತೆ ಸೋರಿದರೆ ಗುಜರಿಗೆ ಹಾಕುವುದೇ ಸೈ ಎಂದು ಹೊಳೆಯಪ್ಪ ಹೇಳಿಬಿಟ್ಟಿದ್ದಾರೆ. ಬಾಬಣ್ಣ ಅದಕ್ಕಿಂತ ದೊಡ್ಡ ಮಾತನ್ನು ಹೆಂಡತಿ ಬನಶಂಕರೆವ್ವನ ಮುಂದೆ ಆಡಿ ಬಂದಿದ್ದಾರೆ.

"ಕೈಗೆ ವಯಸ್ಸಾತೇನೋ ಅನಸ್ತೈತ್ರಿ. ಈ ಸಲಾನೂ ಸೋರಿದ್ರ ಪಾನಾ ಕೆಳಗಿಟ್ಟು ಮನ್ಯಾಗ ನೂಲು ಸುತಗೋತ ಕುಂಡ್ರತೀನಿ ಅಂದೀನಿ."

ಅದಕ್ಕೆ ಬನಶಂಕರೆವ್ವ ಏನಂದರು ಎಂದು ಕೇಳುತ್ತೇನೆ.

"ಏನೂ ಅನ್ನಲಿಲ್ರಿ. ಅದಽ ನನಗ ಚಿಂತಿ."

ಬಾಬಣ್ಣನದು ನೇಕಾರರ ಮನೆ. ಬೆಟಗೇರಿಯ ಆ ಮನೆಯಲ್ಲಿ ಮಗ್ಗ ಇಂದಿಗೂ ಸದ್ದು ಮಾಡುತ್ತದೆ, ನೇಯುವವರು ಬನಶಂಕರೆವ್ವ. ಹರೆಯದಲ್ಲಿ ಇವರು ಮಗ್ಗ ಬಿಟ್ಟು ಗದಗಿನ ಗ್ಯಾರೇಜು ಸೇರಿದಾಗ ತಂದೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರಂತೆ. ಸಿಟ್ಟು ಬಾರದೆ ಇದ್ದೀತೆ? ಎಣ್ಣೆಯ ಒಂದು ಹನಿ ತಾಗಿದರೆ ಸೀರೆ ಹಾಳಾಗುವ ಮನೆಗೆ ದಿನವೂ ಎಣ್ಣೆಯಲ್ಲಿ ಮಿಂದು ಬರುವ ಮಗ! ಈಗಲೂ ಹಿತ್ತಲಲ್ಲಿ ಕಡಲೆಹಿಟ್ಟು ಹಚ್ಚಿ ಕೈ ತಿಕ್ಕಿ, ಹೆಂಡತಿಗೆ ತೋರಿಸಿಯೇ ಮಗ್ಗದ ಕೋಣೆಗೆ ಕಾಲಿಡಬೇಕು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿ ಹಳೆಯ ಟ್ರ್ಯಾಕ್ಟರು ಹಟ ಹಿಡಿದರೂ ಇವರಿಗೆ ಫೋನು ಬರುತ್ತದೆ. ವಾರದಲ್ಲಿ ಎರಡು ಮೂರು ಕರೆ ಇದ್ದೇ ಇರುತ್ತವೆ. ಕೆಲಸ ಮುಗಿದ ಮೇಲೆ ಗಾಲಿಯ ಪಕ್ಕದಲ್ಲಿ ಬುಟ್ಟಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಬಿಳಿ ಬಟ್ಟೆ ಹೊದಿಸಿ ಆಕ್ಸಲ್ಲಿನ ಕೆಳಗೆ ಸರಿಸುತ್ತಾರೆ. ಬಟ್ಟೆಗೆ ಕಲೆ ಬಿದ್ದರೆ ಕೂಲಿ ಮುಟ್ಟುವುದಿಲ್ಲ.

ಈಗ ಹೊಸ ಸೀಲ್ ಕೂರಿಸುವ ಹೊತ್ತು. ಆಕ್ಸಲ್ಲಿನ ತುದಿಯ ಚೂಪು ಅಂಚುಗಳು ಸೀಲಿನ ತುಟಿಯಂಥ ಒಳಸುತ್ತನ್ನು ಹರಿಯಬಲ್ಲವು. ಬಾಬಣ್ಣ ಅಂಗಿಯ ಜೇಬಿನಿಂದ ಸೀರೆಯ ರೇಷ್ಮೆ ತುಂಡೊಂದನ್ನು ತೆಗೆಯುತ್ತಾರೆ, ಅಂಚುಗಳಿಗೆ ಸುತ್ತುತ್ತಾರೆ, ಎಣ್ಣೆ ಸವರುತ್ತಾರೆ. ಸೀಲ್ ಅದರ ಮೇಲೆ ಜಾರಿ ಒಳಗೆ ಹೋಗುತ್ತದೆ. ಆಮೇಲೆ ರೇಷ್ಮೆಯನ್ನು ಎಳೆದು ತೆಗೆದು, ಮರದ ತುಂಡಿಟ್ಟು ಸುತ್ತಲೂ ಮೆಲ್ಲಗೆ ಬಡಿಯುತ್ತಾರೆ.

"ಗ್ಯಾರೇಜಿನ್ಯಾಗ ಯಾರೂ ಕಲಿಸಿದ್ದಲ್ರಿ ಇದು. ಮನ್ಯಾಗ ತುಂಡು ಬಿದ್ದಿತ್ತು, ಸುತ್ತಿ ನೋಡಿದೆ. ಈಗ ಎಲ್ಲಿಗೆ ಹೊಂಟ್ರೂ ನಮ್ಮಾಕಿನಽ ಒಂದು ಕತ್ತರಿಸಿ ಕೊಡ್ತಾಳ."

ಗಾಲಿ ಏರಿತು. ಹೊಳೆಯಪ್ಪ ಗಾಡಿಯನ್ನು ಹೊಲಕ್ಕೆ ಒಯ್ದು, ಒಂದು ತಾಸು ದುಡಿಸಿ ಮರಳಿದರು. ಬಾಬಣ್ಣನಿಗೆ ಬಗ್ಗಿ ಕೆಳಗೆ ನೋಡುವ ಧೈರ್ಯವಿಲ್ಲ. ಎಣ್ಣೆ ಎಷ್ಟಿದೆ ನೋಡುವ ನೆಪದಲ್ಲಿ ಮೇಲೆ ಹತ್ತಿ ಮುಚ್ಚಳ ತಿರುವಿದರು.

ಪುಸ್ ಎಂದು ಗಾಳಿ ಹೊರಬಿತ್ತು.

ಬಾಬಣ್ಣ ಅಲ್ಲಾಡದೆ ನಿಂತರು. ಆಮೇಲೆ ಸೀಟಿನ ಕೆಳಗೆ ಬೆರಳಾಡಿಸಿ ಹುಡುಕತೊಡಗಿದರು. ದುಡಿಯುವಾಗ ಒಳಗೆ ಬಿಸಿಯಾದ ಗಾಳಿ ಹೊರಹೋಗಲು ಅಲ್ಲೊಂದು ಸಣ್ಣ ಕಂಡಿ ಇರುತ್ತದಂತೆ. ಅದರ ಮೇಲೆ ಗಿಳಿಹಸಿರು ಬಣ್ಣ ಪದರ ಪದರವಾಗಿ ಕೂತಿತ್ತು. ದಾರಿ ಸಿಗದ ಗಾಳಿ, ಎಣ್ಣೆಯನ್ನೇ ಸೀಲಿನ ಸಂದಿಯಿಂದ ಹೊರಗೆ ದೂಡುತ್ತಿತ್ತು.

ಗಿಳಿಹಸಿರು ಕಂಪನಿಯ ಬಣ್ಣವಲ್ಲ, ಹೊಳೆಯಪ್ಪನವರ ಹೆಂಡತಿ ಕರಿಯವ್ವನದು. ಮಾವನ ಕಾಲದ ಗಾಡಿಯೆಂದು ಪ್ರತಿ ಮಹಾನವಮಿಗೂ ತಾವೇ ಕುಂಚ ಹಿಡಿದು, ಒಂದು ತಿರುಪೂ ಬಿಡದೆ ಬಳಿಯುತ್ತಾರೆ. ನನಗೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಕರಿಯವ್ವನ ಮುಖ ನೋಡಿದೊಡನೆ ನಗು ನಿಂತಿತು. ಆಕೆಗೆ ಎಲ್ಲವೂ ತಿಳಿದುಹೋಗಿತ್ತು.

"ಏನಾಗಿತ್ತೋ ಬಾಬಣ್ಣ?" ಎಂದರು ಹೊಳೆಯಪ್ಪ.

"ಉಸಿರು ಕಟ್ಟಿತ್ತು. ತಪ್ಪು ನಂದಽ. ಸೋರೂ ಜಾಗಾನಽ ನೋಡಕೋತ ಕುಂತೆ, ಮ್ಯಾಲ ನೋಡಲಿಲ್ಲ." ಸೂಜಿಯಿಂದ ಬಣ್ಣ ಕೆರೆದು, ಬಾಯಿಂದ ಊದಿ ಕಂಡಿ ಬಿಡಿಸುತ್ತಲೇ ಕರಿಯವ್ವನ ಕಡೆ ತಿರುಗಿದರು. "ಯವ್ವಾ, ಬಣ್ಣ ಹಚ್ಚೂದು ಬಿಡಬ್ಯಾಡ್ರಿ. ಬಿಸಲು ಮಳಿಗೆ ಈ ಗಾಡಿ ಇಷ್ಟು ದಿನ ತಡದದ್ದಽ ಅದರಿಂದ. ಇದೊಂದು ತೂತು ಬಿಟ್ಟು ಹಚ್ರಿ. ಕುಂಕುಮಾನೂ ಬಾಜೂಕ ಇಡ್ರಿ."

ಕರಿಯವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಕಣ್ಣು ಮಾತ್ರ ತುಂಬಿತ್ತು.

ಅಂದು ಹೊತ್ತು ಇಳಿಯುವವರೆಗೂ ಟ್ರ್ಯಾಕ್ಟರು ಗೊಬ್ಬರ ಹೇರಿತು. ಸಂಜೆ ಅಂಗಳದಲ್ಲಿ ಬುಟ್ಟಿ ಬೋರಲಾಯಿತು, ಬಿಳಿ ಬಟ್ಟೆ ಮೇಲೇರಿತು. ಎಲ್ಲರ ಕೈಗೂ ಚಹಾ ಬಂತು. ಬಾಬಣ್ಣನ ಚಹಾ ಆರಿ ಕೆನೆಗಟ್ಟಿತು. ಕೊನೆಗೆ ಕರಿಯವ್ವನೇ ಬಗ್ಗಿ ಬಟ್ಟೆ ಎಳೆದುಕೊಂಡು ಎರಡೂ ಮಗ್ಗುಲು ತಿರುವಿ ನೋಡಿದರು. ಒಂದು ಚುಕ್ಕೆ ಇಲ್ಲ. ಬಟ್ಟೆ ಹಿಡಿದು ಒಳಗೆ ಹೋದವರು, ಅದರಲ್ಲೇ ಕಡಕ ರೊಟ್ಟಿ ಕಟ್ಟಿಕೊಂಡು ಬಂದು ಬಾಬಣ್ಣನ ಕೈಗಿಟ್ಟರು.

ಬಸ್ಸಿಗೆ ಕಾಯುತ್ತಾ ಬಾಬಣ್ಣ ಆ ಗಂಟನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಮನೆಗೊಂದು ಫೋನು ಮಾಡಬಾರದೇ ಎಂದೆ.

"ಫೋನ್ ಯಾಕ್ರಿ? ಈ ಗಂಟು ಆಕಿ ಮುಂದಿಟ್ಟು, ನಾಳೆ ಮುಂಡರಗಿಗೆ ಹೊಂಟೀನಿ, ಒಂದು ರೇಷ್ಮಿ ತುಂಡು ಕತ್ತರಿಸಿ ಕೊಡು ಅಂತೀನಿ. ಆಕಿಗೆ ತಿಳೀತೈತಿ."