ಬಿಸಿನೀರು ಕಂಡ ಓಲೆ

ಯಾವ ಒಡವೆ ಕೈಗೆ ಬಂದರೂ ಅಕ್ಕ ಮೊದಲು ಅದನ್ನು ತಿರುಗಿಸಿ ನೋಡುತ್ತಿದ್ದಳು. ಜನ ಕೊಟ್ಟುಹೋದ ಹಳೇ ಸಾಮಾನು ಮಾರುವ ಅಂಗಡಿಯೊಂದು ಕುಕ್ ಟೌನಿನ ಒಂದು ಬಂಗಲೆಯಲ್ಲಿದೆ. ಶನಿವಾರಗಳಂದು ಅಲ್ಲಿ ಗುಂಡಿ, ತುಂಡು ಸರ, ಒಂಟಿ ಜುಮುಕಿ ತುಂಬಿದ ಬಿಸ್ಕತ್ ಡಬ್ಬಿಯ ಮುಂದೆ ಇಬ್ಬರೂ ಕೂರುತ್ತಿದ್ದೆವು.

"ಮುಂದುಗಡೆ ಎಲ್ಲಾ ನಾಟಕ ಕಣೇ. ಬೆನ್ನು ನೋಡು, ಅದು ಸುಳ್ಳು ಹೇಳಲ್ಲ."

ಏಳು ಕೆಂಪು ಕಲ್ಲಿನ ಜೋಡಿ ಓಲೆ ಅವಳಿಗೆ ಸಿಕ್ಕಿದ್ದು ಆ ಡಬ್ಬಿಯಲ್ಲೇ. ಗಿಲೀಟಿನದೆಂದು ಯಾರೋ ಹಾಕಿದ್ದರು. ತಿರುಪಿನ ಸುತ್ತುಗಳು ಒಂದರಂತೆ ಒಂದಿರಲಿಲ್ಲ. ಅಂದರೆ ಕೈಯಲ್ಲಿ ಮಾಡಿದ್ದು. ಸವೆದ ಕಡೆಯೂ ತಾಮ್ರ ಕಂಡಿರಲಿಲ್ಲ. ಕಲ್ಲುಗಳ ಹಿಂಬದಿ ಪೂರ್ತಿ ಮುಚ್ಚಿತ್ತು. ಅಂಥದ್ದರ ಒಳಗೆ ಅರಗಿನ ಮೇಲೆ ಬೇಗಡೆ, ಅಂದರೆ ಹೊಳೆಯುವ ತೆಳು ತಗಡು ಇರುತ್ತದೆ. ಕಲ್ಲು ಬೆಳಗುವುದೇ ಅದರಿಂದ. ಅಂಗಡಿಯ ಹೆಂಗಸಿಗೆ ಇದು ಚಿನ್ನ ಎಂದು ಹೇಳಿಯೇ ಅಕ್ಕ ಕೊಂಡಳು. ಹೊಲಿಗೆಯ ಎಷ್ಟೋ ತಿಂಗಳ ಸಂಪಾದನೆ ಅದಕ್ಕೆ ಹೋಯಿತು.

"ಇದಕ್ಕೆ ನೀರು ತೋರಿಸ್ಬಾರ್ದು," ಎಂದು ಒಣಬಟ್ಟೆಯಲ್ಲಿ ಒರೆಸಿ ಹಾಕಿಕೊಂಡಳು. ಅವಳು ತೀರಿಕೊಂಡ ದಿನ ಆಸ್ಪತ್ರೆಯವರು ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು.

ಹನ್ನೊಂದನೆಯ ದಿನ ಸೂತಕ ಕಳೆಯಲೆಂದು ಅತ್ತಿಗೆ ಆ ಓಲೆಯನ್ನು ಅಂಟವಾಳದ ಕುದಿನೀರಿಗೆ ಹಾಕಿದರು. ನಮ್ಮ ಮನೆಯಲ್ಲಿ ಚಿನ್ನ ತೊಳೆಯುವುದೇ ಹಾಗೆ. ನೀರು ತಾಕಿಸಬಾರದೆಂದು ಅವರಿಗೆ ಹೇಳದೆ ಇದ್ದದ್ದು ನಾನು. ಊಟ ಬಡಿಸಿ ಬರುವಷ್ಟರಲ್ಲಿ ಕಲ್ಲುಗಳು ನೇರಳೆ ಹಣ್ಣಿನಂತೆ ಕಪ್ಪಾಗಿದ್ದವು.

"ಗಾಜು ಕಣೇ, ಬಣ್ಣ ಬಿಟ್ಟಿದೆ," ಎಂದ ಅಣ್ಣ. "ಹೇಗೂ ಸತ್ತೋರ ಒಡವೆ ಕರಗಿಸ್ದೆ ಹಾಕ್ಬಾರ್ದು. ನನ್ನ ಮಗಳಿಗೊಂದು ಉಂಗುರ ಮಾಡಿಸ್ತೀನಿ."

ಶಿವಾಜಿನಗರದ ಅಕ್ಕಸಾಲಿಯ ಹತ್ತಿರ ಅವನು ಹೊರಟಾಗ ನಾನೂ ಹೋದೆ. ಅಕ್ಕಸಾಲಿ ಓಲೆಯನ್ನು ಒರೆಗಲ್ಲಿಗೆ ಉಜ್ಜಿದರು, ಗೆರೆಯ ಮೇಲೆ ಆಸಿಡ್ ಬಿಟ್ಟರು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

"ಒಳ್ಳೇ ಚಿನ್ನ. ಕಲ್ಲೂ ಗಾಜಲ್ಲಮ್ಮ, ಅಸಲಿ ಕೆಂಪು, ಮಾಣಿಕ್ಯ. ಬೇಗಡೆ ಹೋಗಿದೆ ಅಷ್ಟೆ. ಬಿಚ್ಚಿ ಮತ್ತೆ ಕಟ್ಟೋ ಕೈ ಈಗ ಈ ಬೀದೀಲಿಲ್ಲ. ಕರಗಿಸೋದಾದ್ರೆ ಅರಗು ಕಳೆದು ತೂಕ ಹಿಡೀತೀನಿ. ಕಲ್ಲಿಗೆ ಏನೂ ಬರಲ್ಲ."

"ಕರಗಿಸಿ," ಎಂದ ಅಣ್ಣ.

ನಾನು ತಕ್ಕಡಿಯಿಂದ ಓಲೆ ಎತ್ತಿಕೊಂಡೆ. "ಬೇಡ."

"ಶಾಸ್ತ್ರ ಅಂತ ಒಂದಿಲ್ವಾ?"

"ಇದು ಅಕ್ಕನ ಹತ್ರ ಬರೋಕ್ ಮುಂಚೇನೂ ಯಾರೋ ಸತ್ತೋರದ್ದೇ ಇರ್ಬೇಕು, ಅಣ್ಣ. ಅವಳೇನು ಕರಗಿಸಿದ್ಲಾ?"

"ಅದಕ್ಕೇ ಬೇಗ ಹೋದ್ಲು."

ಅಂದವನೇ ಅಣ್ಣ ಬೀದಿಯತ್ತ ಮುಖ ತಿರುಗಿಸಿದ. ಅಕ್ಕಸಾಲಿ ತಲೆ ತಗ್ಗಿಸಿ ಒರೆಗಲ್ಲು ಒರೆಸತೊಡಗಿದರು.

"ಹಾಗಿದ್ರೆ ನಾನೂ ಹೋಗ್ತೀನಿ ಬಿಡು," ಎಂದೆ. ಅಳು ಬರಲಿಲ್ಲ. ಹನ್ನೊಂದು ದಿನ ಎಲ್ಲರ ಶಾಸ್ತ್ರಕ್ಕೂ ತಲೆಯಾಡಿಸಿದ್ದೆ, ಸಾಕಾಗಿತ್ತು.

ನನ್ನ ಕಿವಿಯಲ್ಲಿದ್ದ ಬೆಂಡೋಲೆ ಬಿಚ್ಚಿ ತಕ್ಕಡಿಯ ಮೇಲಿಟ್ಟೆ. ಆ ಮಗುವಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ.

"ಉಂಗುರಕ್ಕೆ ಇದನ್ನ ಕರಗಿಸು. ಬದುಕಿರೋಳದ್ದು, ದೋಷ ಇಲ್ಲ."

ಕನ್ನಡಿ ಕೇಳದೆಯೇ ಅಕ್ಕನ ಓಲೆ ಹಾಕಿಕೊಂಡು ಎರಡೂ ತಿರುಪು ಬಿಗಿ ಮಾಡಿದೆ. ಅಣ್ಣ ಬೆಂಡೋಲೆಯನ್ನು ಮುಟ್ಟಲಿಲ್ಲ, ಬೇಡವೆನ್ನಲೂ ಇಲ್ಲ. ಅವನನ್ನು ಅಲ್ಲೇ ಬಿಟ್ಟು ನಾನು ಬೀದಿಗಿಳಿದೆ.