ಬಾಗಿಲಾಚೆಯ ಚಪ್ಪಲಿಗಳು

ಮೆಲ್ಬರ್ನ್‌ನಲ್ಲಿ ನಾವಿದ್ದದ್ದು ಸರ್ಕಾರಿ ಫ್ಲ್ಯಾಟ್, ಒಂಬತ್ತನೆಯ ಮಹಡಿ. ಟ್ಯಾಕ್ಸಿ ಓಡಿಸಿ ನನ್ನ ಬೆನ್ನು ಹೋಗಿತ್ತು. ಹೆಂಡತಿಗೆ ಡಯಾಲಿಸಿಸ್ ನಡೆದಿತ್ತು. ನಮ್ಮ ಕಟ್ಟಡದ ಲಿಫ್ಟ್ ಕೆಡುತ್ತಿರಲಿಲ್ಲ. ಹಿಂದುಗಡೆಯ ಬ್ಲಾಕಿನದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ವಸತಿ ಇಲಾಖೆಯವರು ಆಫ್ರಿಕಾದ ಕುಟುಂಬಗಳನ್ನು ಒಂದೊಂದಾಗಿ ಅಲ್ಲಿಗೆ ಸಾಗಿಸುತ್ತಿದ್ದರು. ಕಾರಿಡಾರಿನಲ್ಲಿ ಚಪ್ಪಲಿ ಬಿಡುತ್ತಾರೆ, ಬೆಂಕಿ ಬಿದ್ದರೆ ಓಡಲು ಅಡ್ಡಿ ಎಂಬುದು ಕೊಡುತ್ತಿದ್ದ ಕಾರಣ. ಬಿಳಿಯರ ಬಾಗಿಲಲ್ಲಿ ಸೈಕಲ್ ನಿಂತಿದ್ದರೂ ಯಾರೂ ಕೇಳುತ್ತಿರಲಿಲ್ಲ.

ನಾವೂ ಚಪ್ಪಲಿ ಹೊರಗೇ ಬಿಡುವವರು. ಎದುರು ಮನೆಯ ಸೋಮಾಲಿ ಹೆಂಗಸಿಗೂ ಅದೇ ರೂಢಿ. ಅವಳ ತಾಯಿ ವಾಕರ್ ಹಿಡಿದು ನಡೆಯುತ್ತಿದ್ದಳು. ಅವರಿಗೂ ಇಲಾಖೆಯ ಎಚ್ಚರಿಕೆ ಬಂದಾಗ ಮಗಳು ಕೆಳಗಿನ ಹಾಲ್‌ನಲ್ಲಿ ಮೀಟಿಂಗ್ ಕರೆದಳು. ತಪಾಸಣೆಯ ದಿನ ಪ್ರತಿ ಬಾಗಿಲಲ್ಲೂ ಚಪ್ಪಲಿ ಇರಲಿ, ಕಳಿಸುವುದಾದರೆ ಎಲ್ಲರನ್ನೂ ಕಳಿಸಲಿ ಎಂದಳು. ನಾನೂ ಕೈ ಎತ್ತಿದೆ.

"ಅಂಕಲ್, ಆ ಹರಿದ ಚಪ್ಪಲಿ ಇಡಬೇಡಿ, ನಮ್ಮ ಮಾನ ಹೋಗುತ್ತೆ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ತಪಾಸಣೆಯ ದಿನ ಬೆಳಿಗ್ಗೆ ನಮ್ಮ ಮಹಡಿಗೆ ಲಿಫ್ಟ್ ಬಂದು ನಿಂತ ಸದ್ದು ಕೇಳಿತು. ಬಾಗಿಲನ್ನು ಸ್ವಲ್ಪವೇ ತೆರೆದು ನಮ್ಮ ಚಪ್ಪಲಿಗಳನ್ನು ಒಳಗೆಳೆದುಕೊಂಡೆ.

"ಯಾಕ ಒಳಗ ತಂದ್ರಿ?" ಹೆಂಡತಿ ಕೇಳಿದಳು.

"ಸುಮ್ನಿರು."

"ಕೈ ಎತ್ತಿ ಬಂದೀನಿ ಅಂದಿದ್ರಲ್ಲ?"

"ಹಿಂದಿನ ಬ್ಲಾಕಿಗೆ ಹಾಕಿದ್ರ ಮೆಟ್ಲಾ ಹತ್ತೋರು ಯಾರು? ನೀ ಹತ್ತಾಕಿ ಏನು?"

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಬಾಗಿಲ ಕಿಂಡಿಯಿಂದ ನೋಡಿದೆ. ಬಿಳಿಯ ಮುದುಕನೊಬ್ಬ ಕೂಡ ತನ್ನ ಗಮ್‌ಬೂಟು ಹೊರಗಿಟ್ಟಿದ್ದ. ನಮ್ಮ ಬಾಗಿಲೊಂದೇ ಬೋಳು. ಅಧಿಕಾರಿ ಅದರೆದುರೇ ನಿಂತು ಸೋಮಾಲಿ ಹೆಂಗಸನ್ನು ಕರೆದ.

"ಇವರೂ ನಿಮ್ಮ ಹಾಗೆ ಹೊರದೇಶದವರೇ. ಇವರಿಗೆ ಆಗುವುದು ನಿಮಗೇಕೆ ಆಗುವುದಿಲ್ಲ?"

ಅವಳು ನೇರವಾಗಿ ಕಿಂಡಿಯನ್ನೇ ನೋಡಿದಳು. ಬಾಗಿಲು ತಟ್ಟುತ್ತಾಳೆಂದು ಕಾದೆ, ತಟ್ಟಲಿಲ್ಲ.

ಕೆಲವೇ ದಿನಗಳಲ್ಲಿ ಆ ತಾಯಿ-ಮಗಳನ್ನು ಹಿಂದಿನ ಬ್ಲಾಕಿಗೆ ಕಳಿಸಿದರು. ಅಲ್ಲಿ ಲಿಫ್ಟ್ ಕೆಟ್ಟಾಗಲೆಲ್ಲ ಆ ಮುದುಕಿ ಮೇಲೆಯೇ ಉಳಿಯುತ್ತಿದ್ದಳಂತೆ. ನಾನು ಒಂದು ದಿನವೂ ಹೋಗಿ ನೋಡಲಿಲ್ಲ. ಅಂಗಡಿಯಲ್ಲಿ ಅವಳ ಮಗಳು ಕಂಡರೆ ಬೇರೆ ಸಾಲಿಗೆ ಹೋಗಿಬಿಡುತ್ತಿದ್ದೆ.

ಹೆಂಡತಿ ತೀರಿಕೊಂಡ ಮೇಲೆ ಸಿಡ್ನಿಗೆ ಬಂದೆ. ಇಲ್ಲಿ ಗಿರಾವೀನ್ ಬಡಾವಣೆಯಲ್ಲಿರುವ ಮಗಳ ಮನೆಗೆ ನೆಂಟರು ಬಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನನ್ನದನ್ನು ಮಾತ್ರ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತೇನೆ.

"ಅಜ್ಜಾ, ಲೀವ್ ಇಟ್ ಔಟ್‌ಸೈಡ್," ಅನ್ನುತ್ತಾಳೆ ಮೊಮ್ಮಗಳು. "ಯಾರೂ ತಗೊಳಲ್ಲ."

ಹೊರಗೆ ಬಿಡಬೇಕೆಂದು ಬಗ್ಗುತ್ತೇನೆ. ಬೆರಳು ಬಿಡುವುದಿಲ್ಲ.